ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಳೋರು ದುಡ್ಡು ಕೊಡೋ ಮುಂಚೆ ಫ್ಯೂಸ್ ಬಾಕ್ಸ್ ತೆಗ್ದು ನೋಡ್ಬಿಡಿ

ಶಿರಾಡಿ ಘಾಟ್‌ನಲ್ಲಿ ರಾತ್ರಿ ಹನ್ನೊಂದೂವರೆ, ಮಳೆ ಹುಯ್ತಾ ಇದೆ, ಹಿಂದೆ ಒಂದು ಟನ್ ಮೇಲೆ ಕೋಸು ಹೇರಿದೀನಿ, ಮಾರನಹಳ್ಳಿ ದಾಟಿ ಇಳೀತಾ ಇದೀನಿ, ಎರಡೂ ಹೆಡ್‌ಲೈಟು ಒಟ್ಟಿಗೆ ಢಬಕ್ ಅಂತ ಹೋದ್ವು. ಮುಂದೆ ಏನೂ ಇಲ್ಲ, ಕಗ್ಗತ್ತಲು, ಹಿಂದಿನಿಂದ ಒಂದು ಟ್ಯಾಂಕರ್ ಬರ್ತಾ ಇದೆ. ಕೈ ತಾನಾಗೇ ಸ್ವಿಚ್ ಎಳೀತು ಅನ್ಸುತ್ತೆ, ಓವರ್‌ಟೇಕ್ ಮಾಡುವಾಗ ಹೊಡೀತೀವಲ್ಲ ಪಾಸ್ ಲೈಟ್, ಅದು ಬಂತು. ಬಿಟ್ರೆ ಹೋಗುತ್ತೆ, ಎಳ್ದಿಟ್ರೆ ಇರುತ್ತೆ. ಹಂಗೇ ಎಡಗೈ ಬೆರಳಲ್ಲಿ ಎಳ್ಕೊಂಡು, ಬಲಗೈಲಿ ಸ್ಟೇರಿಂಗ್ ಹಿಡ್ಕೊಂಡು, ಅದೇ ಸೆಕೆಂಡ್ ಗೇರಲ್ಲಿ ಒಂದು ಅಗಲದ ಜಾಗ ಸಿಗೋ ತನಕ ಇಳಿಸ್ದೆ. ಗಾಡಿ ನಿಲ್ಸಿ ಪಾರ್ಕಿಂಗ್ ಲೈಟ್ ಹಾಕಿ ಕೂತಾಗ ಕಾಲು ನಡುಗ್ತಾ ಇತ್ತು.

ಹತ್ತು ನಿಮಿಷ ಬಿಟ್ಟು ಸ್ವಿಚ್ ಹಾಕಿದ್ರೆ ಲೈಟ್ ಬಂದ್ಬಿಡ್ತು! ಏನೂ ಆಗೇ ಇಲ್ಲ ಅನ್ನೋ ಹಂಗೆ. ಇದೇ ನೋಡಿ ಎಲ್ಲರಿಗೂ ಯಾಮಾರ್ಸಿದ್ದು.

ಗಾಡಿ ತಗೊಂಡಿದ್ದು ಮೇ ತಿಂಗಳು, ಹಾಸನದಲ್ಲಿ ಒಬ್ಬ ಬ್ರೋಕರ್ ಕಡೆಯಿಂದ, ಎಂಟು ವರ್ಷ ಹಳೇದು. ಇಂಜಿನ್ ಚೆನ್ನಾಗಿತ್ತು, ಟೈರು ಚೆನ್ನಾಗಿತ್ತು, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಇತ್ತು, ಎಂಟು ವರ್ಷ ಆದ್ಮೇಲೆ ವರ್ಷ ವರ್ಷ ಎಫ್‌ಸಿ ಮಾಡಿಸ್ಬೇಕು ಅಂತ ಅದ್ನೂ ವಿಚಾರಿಸ್ಕೊಂಡಿದ್ದೆ. ಚಾಸಿ ಕೆಳಗೆ ಮಲಗಿ ತುಕ್ಕು ನೋಡ್ದೆ, ಕಮಾನುಪಟ್ಟೆ ಎಣಿಸ್ದೆ. ಲೈಟು? ಮಧ್ಯಾಹ್ನ ಹನ್ನೆರಡು ಗಂಟೆ ಬಿಸ್ಲಲ್ಲಿ ಅವ್ನು ಸ್ವಿಚ್ ಹಾಕ್ದ, ಉರೀತು, ‘ನೋಡಿ ಅಣ್ಣ, ಎಕ್ಸ್‌ಟ್ರಾ ಫಾಗ್ ಲ್ಯಾಂಪ್ ಬೇರೆ ಇದೆ, ಘಾಟ್‌ಗೆ ಹೇಳಿ ಮಾಡ್ಸಿದ ಗಾಡಿ’ ಅಂದ. ನಾನೂ ಖುಷಿಪಟ್ಟೆ, ಅಲ್ಲೇ ಹಾಳಾಗಿದ್ದು.

ಘಾಟ್ ಕಥೆ ಆದ್ಮೇಲೆ ಮೂರು ಕಡೆ ತೋರಿಸ್ದೆ. ಮೊದಲ್ನೇವ್ನು ಬಲ್ಬ್ ಬಿಚ್ಚಿ, ಹೋಲ್ಡರ್‌ಗೆ ಮೀಟರ್ ಇಟ್ಟು, ‘ಹನ್ನೆರಡೂವರೆ ವೋಲ್ಟ್ ಬರ್ತಿದೆ, ವೈರಿಂಗ್ ಪಕ್ಕಾ, ಬಲ್ಬ್ ವೀಕು’ ಅಂತ ಎರಡೂ ಬಲ್ಬ್ ಹೊಸಾದು ಹಾಕ್ದ, ಹಳೇದ್ರಲ್ಲಿ ಏನಿತ್ತೋ ಅದೇ ವ್ಯಾಟಿಂದು. ಒಂದು ವಾರ ಆದ್ಮೇಲೆ ಆಲೂರು ಹತ್ರ ಮತ್ತೆ ಹೋಯ್ತು. ಎರಡ್ನೇವ್ನು ಸ್ಟೇರಿಂಗ್ ಪಕ್ಕ ಲೈಟು, ಇಂಡಿಕೇಟರ್ ಹಾಕೋ ಕಾಂಬಿನೇಷನ್ ಸ್ವಿಚ್ ಪೂರ್ತಿ ಚೇಂಜ್ ಅಂದ, 2,600 ರೂಪಾಯಿ. ಎರಡು ತಿಂಗಳು ಸುಮ್ನಿತ್ತು, ನಾನೂ ಮರ್ತೆ, ಆಮೇಲೆ ಮತ್ತೆ ಅದೇ ರಾಗ. ಮೂರ್ನೇವ್ನ ಹತ್ರ ಹೋದಾಗ ಲೈಟ್ ಒಂದು ಗಂಟೆ ಉರಿದ್ರೂ ಹೋಗ್ಲಿಲ್ಲ, ಬಾನೆಟ್ ತೆಗ್ದಿತ್ತು, ಡ್ಯಾಶ್ ಕೆಳಗಿನ ಪ್ಲಾಸ್ಟಿಕ್ ಬಿಚ್ಚಿತ್ತು, ಗಾಳಿ ಆಡ್ತಿತ್ತು, ಇನ್ನೆಲ್ಲಿ ಹೋಗುತ್ತೆ. ಅವ್ನು ನನ್ನೇ ಒಂಥರಾ ನೋಡ್ದ.

ಕೊನೆಗೆ ಸಕಲೇಶಪುರದಲ್ಲಿ ಒಬ್ಬ ವಯಸ್ಸಾದ ಎಲೆಕ್ಟ್ರಿಷಿಯನ್ ಸಿಕ್ಕಿದ್ರು. ಗಾಡಿ ಮುಟ್ಲೇ ಇಲ್ಲ, ಮೊದ್ಲು ಕೇಳಿದ್ದು ಎರಡೇ ಪ್ರಶ್ನೆ. ‘ಲೈಟ್ ಹೋದಾಗ ಪಾಸ್ ಬರುತ್ತೇನಪ್ಪ?’ ಬರುತ್ತೆ ಯಜಮಾನ್ರೇ ಅಂದೆ. ‘ಡಿಮ್‌ನಲ್ಲಿ ಇದ್ದಾಗ ಮೀಟರ್ ಬೋರ್ಡಲ್ಲಿ ನೀಲಿ ಲೈಟು ಮಿಣಿ ಮಿಣಿ ಅನ್ನುತ್ತಾ?’ ನಂಗೆ ಆಗ ಹೊಳೀತು, ಹೌದು, ಬ್ರೈಟ್ ಇಂಡಿಕೇಟರ್ ಯಾವಾಗ್ಲೂ ಸಣ್ಣಗೆ ಉರೀತಾನೇ ಇತ್ತು, ಎಡಗಡೆ ಲೈಟು ಬೇರೆ ಸ್ವಲ್ಪ ಕೆಂಪಗೆ ಮಂಕಾಗಿತ್ತು, ಹಳೇ ಗಾಡಿ ಅಂತ ಬಿಟ್ಟಿದ್ದೆ.

ಅದಕ್ಕೆ ಅವ್ರು ಹೇಳಿದ ಲೆಕ್ಕ ಇದು. ಹೆಡ್‌ಲೈಟ್ ಬಲ್ಬ್‌ಗೆ ಮೂರು ಕಾಲು, ಒಂದು ಡಿಮ್‌ಗೆ, ಒಂದು ಬ್ರೈಟ್‌ಗೆ, ಒಂದು ಎರಡಕ್ಕೂ ಸೇರಿ ಅರ್ತ್. ಎಡಗಡೆ ಅರ್ತ್ ಕೆಟ್ಟಿದ್ರೆ ಡಿಮ್‌ಗೆ ಬಂದ ಕರೆಂಟಿಗೆ ಇಳಿಯೋಕೆ ಸರಿಯಾದ ದಾರಿ ಇಲ್ಲ, ಒಂದಿಷ್ಟು ಅದೇ ಬಲ್ಬಿನ ಬ್ರೈಟ್ ತಂತಿ ಹತ್ತಿ, ಹಿಂದಕ್ಕೆ ಹೋಗಿ, ಬಲಗಡೆ ಬಲ್ಬಿನ ಬ್ರೈಟ್ ಮೂಲಕ ಇಳಿಯುತ್ತೆ, ಹೋಗ್ತಾ ಹೋಗ್ತಾ ನೀಲಿ ಲೈಟ್‌ನೂ ಸ್ವಲ್ಪ ಉರಿಸುತ್ತೆ. ಮೂರು ಜನ ಮೆಕ್ಯಾನಿಕ್ ಮುಂದೆ ಆ ನೀಲಿ ಲೈಟು ಮಿಣುಕ್ತಾನೇ ಇತ್ತು, ಒಬ್ರೂ ಕೇಳ್ಲಿಲ್ಲ.

ಆಮೇಲೆ ಫ್ಯೂಸ್ ಬಾಕ್ಸ್ ಮುಚ್ಚಳ ತೆಗೆದ್ರು. ಮುಚ್ಚಳದ ಒಳಗಡೆ ಚಿತ್ರದಲ್ಲಿ ಹೆಡ್‌ಲೈಟ್‌ಗೆ 15 ಅಂತ ಬರ್ದಿದೆ, ಅಂದ್ರೆ ನೀಲಿ ಫ್ಯೂಸ್ ಇರ್ಬೇಕು. ಅಲ್ಲಿ ಕೂತಿದ್ದು ಹಸಿರು, 30 ಆಂಪ್ಸ್. ಯಜಮಾನ್ರು ಅದನ್ನ ಕಿತ್ತು ನನ್ನ ಅಂಗೈಲಿ ಇಟ್ಟು, ‘ನಿನ್ನ ಗಾಡಿಗೆ ಬೆಂಕಿ ಹತ್ಕೊಂಡ್ರೂ ಇದು ಹೋಗಲ್ಲ, ವೈರ್ ಮೊದ್ಲು ಹೋಗುತ್ತೆ’ ಅಂದ್ರು. ಸ್ಟೇರಿಂಗ್ ಕೆಳಗಿನ ಕವರ್ ಬಿಚ್ಚಿ ಕಪ್ಲರ್, ಅಂದ್ರೆ ವೈರುಗಳನ್ನ ಸ್ವಿಚ್‌ಗೆ ಸೇರ್ಸೋ ಪ್ಲಗ್ಗು, ಎಳೆದ್ರೆ ಬರ್ಲೇ ಇಲ್ಲ, ಸ್ವಿಚ್‌ಗೆ ಅಂಟ್ಕೊಂಡಿತ್ತು. ಅಲ್ಲಾಡ್ಸಿ ಕಿತ್ತಾಗ ನೋಡ್ತೀನಿ, ಬಿಳಿ ಪ್ಲಾಸ್ಟಿಕ್ಕು ಒಂದು ಪಿನ್ ಸುತ್ತ ಮಾತ್ರ ಸುಟ್ಟ ಬೆಲ್ಲದ ಬಣ್ಣಕ್ಕೆ ತಿರುಗಿ ಕರಗಿ ಇಳಿದಿದೆ, ಹಿತ್ತಾಳೆ ಪಿನ್ನು ಕಪ್ಪಾಗಿದೆ, ಅದಕ್ಕೆ ಬಂದಿರೋ ವೈರ್ ಬಗ್ಗಿಸಿದ್ರೆ ಮೇಲಿನ ಪ್ಲಾಸ್ಟಿಕ್ ಪಟಪಟ ಅಂತ ಒಡೀತು. ಎರಡು ತಿಂಗಳ ಹಿಂದೆ ಹಾಕ್ಸಿದ ಹೊಸ ಸ್ವಿಚ್ಚಿನ ಕಡೆ ಪಿನ್ನೂ ಆಗ್ಲೇ ಕಂದು. ಬಿಸಿ ಆದಾಗ ಆ ಪಿನ್ನು ಸಡಿಲ ಆಗಿ ಕಾಂಟ್ಯಾಕ್ಟ್ ಬಿಡ್ತಿತ್ತು, ತಣ್ಣಗಾದ್ರೆ ಕೂತ್ಕೊಳ್ತಿತ್ತು. ಪಾಸ್ ಲೈಟ್‌ಗೆ ಬೇರೆ ಪಿನ್, ಅದಕ್ಕೇ ಅವತ್ತು ನಾನು ಉಳ್ಕೊಂಡೆ.

ಯಾಕೆ ಬಿಸಿ ಅಂದ್ರೆ, ಹಳೇ ಓನರ್ ಕಂಪನಿ 60/55 ವ್ಯಾಟ್ (ಬ್ರೈಟ್ 60, ಡಿಮ್ 55) ಬಲ್ಬ್ ತೆಗ್ದು 100/90 ಹಾಕ್ಸಿದಾನೆ, ಸಾಲ್ದು ಅಂತ 55 ವ್ಯಾಟ್‌ದು ಎರಡು ಫಾಗ್ ಲ್ಯಾಂಪನ್ನ ಡಿಮ್ ವೈರನ್ನೇ ಸೀಳಿ ಜೋಡ್ಸಿದಾನೆ, ಸ್ವಿಚ್ ಬದ್ಲು ಜಾಸ್ತಿ ಕರೆಂಟ್ ತಾನು ಹೊರೋ ರಿಲೇ ಅನ್ನೋದೇ ಇಲ್ಲ. ನೀವೇ ಲೆಕ್ಕ ಹಾಕಿ, ಕಂಪನಿಯಿಂದ ಬಂದಾಗ ಎರಡೂ ಡಿಮ್ ಸೇರಿ 110 ವ್ಯಾಟ್, ಸುಮಾರು 9 ಆಂಪ್ಸ್ ಹೋಗೋ ಜಾಗದಲ್ಲಿ 290 ವ್ಯಾಟ್, 24 ಆಂಪ್ಸ್. ನೀಲಿ ಫ್ಯೂಸ್ ಹೋಗ್ತಾ ಇತ್ತು ಅನ್ಸುತ್ತೆ, ಯಾವನೋ ಪುಣ್ಯಾತ್ಮ ಹಸಿರು ತುರುಕ್ದ. ಫಾಗ್ ಲ್ಯಾಂಪ್‌ಗೆ ಹಾಕಿದ್ದ ವೈರಂತೂ ಮನೇಲಿ ಸ್ಪೀಕರ್‌ಗೆ ಹಾಕೋ ವೈರ್, ಸೋಲ್ಡರ್ ಇಲ್ಲ, ಸುತ್ತಿ ಟೇಪ್, ಆ ಟೇಪ್ ಕರಗಿ ಹಲಸಿನ ಮೇಣ ಆಗಿತ್ತು.

ಇನ್ನೊಂದು ವಿಷ್ಯ, ಇದು ಮುಖ್ಯ. ಬಲ್ಬ್ ಬಿಚ್ಚಿ ವೋಲ್ಟೇಜ್ ನೋಡೋ ಮೆಕ್ಯಾನಿಕ್‌ನ ನಂಬ್ಬೇಡಿ. ಒಂದೇ ಎಳೆ ತಂತಿ ಉಳಿದಿದ್ರೂ ಲೋಡ್ ಇಲ್ದಾಗ ಮೀಟರ್ ಪೂರ್ತಿ ಹನ್ನೆರಡೂವರೆ ತೋರ್ಸುತ್ತೆ. ಯಜಮಾನ್ರು ಇಂಜಿನ್ ಸ್ಟಾರ್ಟ್ ಇಟ್ಟು, ಲೈಟ್ ಉರೀತಾ ಇರೋವಾಗ್ಲೇ ಹೋಲ್ಡರ್ ಹಿಂದಿನಿಂದ ಪಿನ್‌ಗೆ ಮೀಟರ್ ಚುಚ್ಚಿದ್ರು. ಬ್ಯಾಟರಿಲಿ 13.9, ಎಡಗಡೆ ಬಲ್ಬಿನ ಡಿಮ್ ಪಿನ್ನಲ್ಲಿ 11.8. ಆಮೇಲೆ ಬ್ಯಾಟರಿ ಮೈನಸ್‌ಗೂ ಬಲ್ಬಿನ ಅರ್ತ್ ಪಿನ್‌ಗೂ ಇಟ್ರು, ಅಲ್ಲಿ ಸೊನ್ನೆ ಹತ್ರ ಇರ್ಬೇಕಾಗಿದ್ದು 1.2. ಅಂದ್ರೆ ಬಲ್ಬ್‌ಗೆ ಸಿಗ್ತಿದ್ದಿದ್ದು 10.6 ಅಷ್ಟೆ. ವೋಲ್ಟೇಜ್ ನೂರಕ್ಕೆ ಹತ್ತು ಭಾಗ ಕಮ್ಮಿ ಆದ್ರೆ ಬೆಳಕು ಹತ್ರ ಹತ್ರ ಮೂವತ್ತು ಭಾಗ ಕಮ್ಮಿ ಆಗುತ್ತೆ, ಹಂಗಾಗಿ ಈ ನೂರು ವ್ಯಾಟ್ ಬಲ್ಬ್‌ನ ದುಡ್ಡೂ ದಂಡ, ಕರೆಂಟೆಲ್ಲ ಕಪ್ಲರ್ ಕಾಯಿಸೋಕೆ ಹೋಗ್ತಿತ್ತು.

ರಿಪೇರಿ ಒಂದು ದಿನ, ಒಟ್ಟು 3,400. ಬ್ಯಾಟರಿಯಿಂದ ನೇರ 2.5 ಸ್ಕ್ವೇರ್ ಎಂಎಂ ವೈರ್, ಬ್ಯಾಟರಿ ಪಕ್ಕದಲ್ಲೇ ಫ್ಯೂಸು, ಡಿಮ್‌ಗೊಂದು ಬ್ರೈಟ್‌ಗೊಂದು ರಿಲೇ, ಸುಟ್ಟ ತುಂಡು ಕತ್ತರಿಸಿ ಹೊಸ ಕಪ್ಲರ್, ಹಳೇ ವೈರಿಗೆ ಇನ್ಮೇಲೆ ರಿಲೇ ಎಳೆಯೋದಷ್ಟೇ ಕೆಲ್ಸ. ಸಿರಾಮಿಕ್ ಹೋಲ್ಡರ್, ಬಲ್ಬ್ ವಾಪಸ್ 60/55. ಅರ್ತ್‌ಗೆ ಚಾಸಿ ಪೇಂಟ್ ಕೆರೆದು ಬೋಲ್ಟ್ ಬಿಗಿದು ಮೇಲೆ ಗ್ರೀಸ್. ಈಗ ಬಲ್ಬಲ್ಲಿ 13.4 ಬರುತ್ತೆ, ನೀಲಿ ಲೈಟ್ ಮಿಣುಕಲ್ಲ, ಕಮ್ಮಿ ವ್ಯಾಟ್ ಬಲ್ಬೇ ಮುಂಚಿನ್ಕಿಂತ ದೂರ ತೋರ್ಸುತ್ತೆ.

ಗಾಡಿ ನೋಡೋಕೆ ಹೋಗೋರು ಸಂಜೆ ಮೇಲೆ ಹೋಗಿ ಸ್ವಾಮಿ, ಬ್ರೋಕರ್ ಏನಾದ್ರೂ ಅನ್ಕೊಳ್ಳಿ. ಇಂಜಿನ್ ಆನ್ ಇಟ್ಟು ಡಿಮ್ ಹಾಕಿ ಅರ್ಧ ಗಂಟೆ ಬಿಟ್ಟು, ಟೀ ಕುಡ್ಕೊಂಡು ಬಂದು ಸ್ಟೇರಿಂಗ್ ಕೆಳಗೆ ಕೈ ಇಡಿ, ಬಿಸಿ ಇದ್ರೆ ಇಲ್ಲಾ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದ್ರೆ ಅಲ್ಲಿಗೆ ರೇಟ್ ಮಾತು ನಿಲ್ಸಿ. ಫ್ಯೂಸ್ ಬಣ್ಣ ಮುಚ್ಚಳದ ನಂಬರಿಗೆ ಹೊಂದುತ್ತಾ ನೋಡಿ, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಎಕ್ಸ್‌ಟ್ರಾ ಲೈಟು, ಎಕ್ಸ್‌ಟ್ರಾ ಹಾರ್ನು, ಹಾಡಿನ ಸೆಟ್ಟು ಅಂತ ಏನೇ ತೋರ್ಸಿದ್ರೂ ವೈರ್ ಎಲ್ಲಿಂದ ಬಂದಿದೆ ಅಂತ ಬೆರಳಿಟ್ಕೊಂಡು ಹಿಂದಕ್ಕೆ ಹೋಗಿ.

ಬ್ರೋಕರ್‌ಗೆ ಫೋನ್ ಮಾಡ್ದೆ, ‘ನೀವು ನೋಡ್ದಾಗ ಉರೀತಿತ್ತಲ್ಲ ಅಣ್ಣ’ ಅಂದ, ಅದೂ ನಿಜಾನೇ. ಫಾಗ್ ಲ್ಯಾಂಪ್ ಎರಡೂ ಬಿಚ್ಚಿ ಸೀಟ್ ಕೆಳಗೆ ಹಾಕಿದೀನಿ. ಏರ್ ಹಾರ್ನ್ ವೈರೂ ಅದೇ ಸ್ಪೀಕರ್ ವೈರ್ ಥರ ಕಾಣ್ತಿದೆ, ಭಾನುವಾರ ಲೋಡ್ ಇಲ್ಲ, ಅದ್ನೂ ಬಿಚ್ಚಿಸ್ಬೇಕು.