ನಾಸಾಗೆ ಬರೆಯಬೇಕಾ, ಕಂಪನಿಗೆ ಬರೆಯಬೇಕಾ?

ಅಮೆರಿಕದಲ್ಲಿ ವಿಮಾನ ಹಾರಿಸುವವರು ಒಂದು ಎಡವಟ್ಟನ್ನು ವರದಿ ಮಾಡಲು ಎರಡು ದಾರಿಗಳಿವೆ.

ಮೊದಲನೆಯದು ನಾಸಾ 1976ರಿಂದ ನಡೆಸುತ್ತಿರುವ ಎಎಸ್‌ಆರ್‌ಎಸ್, ಅಂದರೆ ವಿಮಾನಯಾನ ಸುರಕ್ಷತಾ ವರದಿ ವ್ಯವಸ್ಥೆ. 1974ರ ಡಿಸೆಂಬರ್‌ನಲ್ಲಿ ಟಿಡಬ್ಲ್ಯೂಎ ಕಂಪನಿಯ 514 ವಿಮಾನ ವರ್ಜೀನಿಯಾದ ಮೌಂಟ್ ವೆದರ್ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಕೆಲವೇ ವಾರ ಮೊದಲು ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದು ಅದೇ ಬೆಟ್ಟದಿಂದ ಸ್ವಲ್ಪದರಲ್ಲಿ ಪಾರಾಗಿತ್ತು. ಆ ಪೈಲಟ್‌ಗಳು ತಮ್ಮ ಕಂಪನಿಗೆ ತಿಳಿಸಿದ್ದರು. ಬೇರೆ ಕಂಪನಿಗಳಿಗೆ ಸುದ್ದಿ ಮುಟ್ಟಲಿಲ್ಲ. ಆ ಕೊರತೆ ತುಂಬಲೆಂದೇ ಈ ವ್ಯವಸ್ಥೆ ಬಂತು. ಪೈಲಟ್, ಮೆಕ್ಯಾನಿಕ್, ಏರ್ ಟ್ರಾಫಿಕ್ ಕಂಟ್ರೋಲರ್ ಯಾರು ಬೇಕಾದರೂ ಬರೆಯಬಹುದು. ಬರೆದವರ ಹೆಸರು ಅಳಿಸಿ ನಾಸಾ ಅದನ್ನು ಎಲ್ಲರಿಗೂ ಓದಲು ಕೊಡುತ್ತದೆ. 10 ದಿನದೊಳಗೆ ಕಳಿಸಿದರೆ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಸಾಮಾನ್ಯವಾಗಿ ದಂಡ ಹಾಕುವುದಿಲ್ಲ. ಬೇಕಂತಲೇ ಮಾಡಿದ್ದಕ್ಕೆ, ಅಪಘಾತಕ್ಕೆ ಈ ರಿಯಾಯಿತಿ ಇಲ್ಲ.

ಎರಡನೆಯದು ಎಎಸ್‌ಎಪಿ, ಅಂದರೆ ಕಂಪನಿಯೊಳಗೇ ಸ್ವಂತ ಇಚ್ಛೆಯಿಂದ ವರದಿ ಕೊಡುವ ಸುರಕ್ಷತಾ ಕಾರ್ಯಕ್ರಮ. ಇಲ್ಲಿ ಕಂಪನಿ, ಎಫ್‌ಎಎ, ಹೆಚ್ಚಾಗಿ ಯೂನಿಯನ್ ಕೂಡ, ಒಟ್ಟಿಗೆ ಕೂತು ವರದಿ ನೋಡುತ್ತವೆ. ನಿಮ್ಮನ್ನು ಮರಳಿ ಕೇಳಬಹುದು, ತರಬೇತಿಗೂ ಕಳಿಸಬಹುದು. ಸ್ವಲ್ಪ ಮುಜುಗರ, ಆದರೆ ತೊಂದರೆ ಬೇಗ ಸರಿಹೋಗುವ ಸಾಧ್ಯತೆ ಇಲ್ಲೇ ಜಾಸ್ತಿ.

ಸ್ವಂತಕ್ಕೆ ಹಾರಿಸುವವರಿಗೆ ನಾಸಾ ದಾರಿಯೇ ಸರಿ. ಏರ್‌ಲೈನ್‌ನಲ್ಲಿದ್ದರೆ ನನ್ನ ಮತ ಎಎಸ್‌ಎಪಿಗೆ. ಅದೇ ವರದಿ ನಾಸಾಗೂ ಹೋಗುತ್ತದಾ ಎಂದು ಮೊದಲೇ ಕೇಳಿಕೊಳ್ಳಿ. ಹಲವು ಕಂಪನಿಗಳಲ್ಲಿ ಹೋಗುತ್ತದೆ.