ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾದಾಗ

ಬದಿಯಡ್ಕದ ಕಡೆಯ ನಮ್ಮ ಮಾವನವರು ಅಡಿಕೆ ಮಾರಿದ ಹಣ ಅವರ ಖಾತೆಗೆ ಬರುವ ಬದಲು ಅದೇ ಶಾಖೆಯ ಬೇರೊಬ್ಬರ ಖಾತೆಗೆ ಜಮೆಯಾಯಿತು. ಮಾವನವರು ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನೇ ಕೊಟ್ಟಿದ್ದರು. ಹೆಸರು, ಶಾಖೆಯನ್ನು ಗುರುತಿಸುವ ಐಎಫ್‌ಎಸ್‌ಸಿ ಸಂಕೇತ ಎರಡೂ ಸರಿಯಾಗಿಯೇ ನಮೂದಾಗಿದ್ದವು. ಎಡವಟ್ಟಾದದ್ದು ವ್ಯಾಪಾರಿಯ ಗುಮಾಸ್ತರು ಕಂಪ್ಯೂಟರಿನ ಸ್ಪ್ರೆಡ್‌ಶೀಟ್‌ನಲ್ಲಿ ಮಾಡಿಟ್ಟ ಪಟ್ಟಿಯಲ್ಲಿ. ಅಂಥ ಹಾಳೆಗಳು ಖಾತೆ ಸಂಖ್ಯೆಯನ್ನೂ ಲೆಕ್ಕದ ಮೊತ್ತವೆಂದೇ ಎಣಿಸಿ ಮೊದಲ 15 ಅಂಕಿಗಳನ್ನಷ್ಟೇ ಉಳಿಸಿಕೊಂಡು ಮುಂದಿನದನ್ನು ಸೊನ್ನೆ ಮಾಡುತ್ತವೆ. ಸಂಖ್ಯೆ ಸೊನ್ನೆಯಿಂದಲೇ ಆರಂಭವಾಗಿದ್ದರೆ ಆ ಸೊನ್ನೆಯನ್ನು ನುಂಗಿಬಿಡುತ್ತವೆ. ಮಾವನವರ ಖಾತೆಗೆ 16 ಅಂಕಿಗಳಿದ್ದು, ಕೊನೆಯ 7 ಹೋಗಿ 0 ಕುಳಿತಿತ್ತು.

ನಮ್ಮ ದೇಶದಲ್ಲಿ ಖಾತೆ ಸಂಖ್ಯೆಗೆ ಎಲ್ಲ ಬ್ಯಾಂಕುಗಳಿಗೂ ಒಪ್ಪುವ ಒಂದೇ ಅಚ್ಚು ಇಲ್ಲ. ಸ್ಟೇಟ್ ಬ್ಯಾಂಕಿನದು 11 ಅಂಕಿ, ಫೆಡರಲ್ ಬ್ಯಾಂಕಿನದು 14. ಹಲವು ಬ್ಯಾಂಕುಗಳಲ್ಲಿ ಮೊದಲ ಕೆಲವು ಅಂಕಿಗಳು ಶಾಖೆಯನ್ನೂ ನಂತರದವು ಖಾತೆಯ ಬಗೆಯನ್ನೂ ಸೂಚಿಸುವುದರಿಂದ, ಕೊನೆಯ ಅಂಕಿ ಬದಲಾದರೆ ಹಣ ತಿರಸ್ಕೃತವಾಗುವ ಬದಲು ಅದೇ ಶಾಖೆಯ ಇನ್ನೊಬ್ಬ ಗ್ರಾಹಕರನ್ನು ತಲುಪುವ ಸಂಭವವೇ ಹೆಚ್ಚು. ಹೆಸರು ತಾಳೆಯಾಗದಿದ್ದರೆ ಹಣ ಮರಳುತ್ತದೆಂದು ನಮ್ಮೂರಿನಲ್ಲಿ ಬಹುಮಂದಿ ನಂಬಿದ್ದಾರೆ. ಹಾಗಿಲ್ಲ, ಖಾತೆ ಸಂಖ್ಯೆಯೊಂದನ್ನೇ ಆಧರಿಸಿ ಜಮೆ ಮಾಡಬಹುದೆಂದು ರಿಸರ್ವ್ ಬ್ಯಾಂಕ್ 2010ರಲ್ಲಿಯೇ ತಿಳಿಸಿದೆ.

ಖಾತೆದಾರರ ಒಪ್ಪಿಗೆಯಿಲ್ಲದೆ ಹಣ ತೆಗೆಯಲಾಗದೆಂದು ಶಾಖೆಯವರು ಹೇಳಿದರು. ಆ ಖಾತೆದಾರರು ಗಲ್ಫಿನಲ್ಲಿದ್ದರು. ಪುಣ್ಯಕ್ಕೆ ಸಜ್ಜನರು, ಆದರೂ ಅವರ ಒಪ್ಪಿಗೆ ಪತ್ರ ಬಂದು ಹಣ ಕೈಸೇರುವಷ್ಟರಲ್ಲಿ ತೋಟದ ಕೆಲಸದವರ ಮಜೂರಿಗೆ ಸಾಲ ಮಾಡಬೇಕಾಯಿತು.

2025ರ ಏಪ್ರಿಲ್‌ನಿಂದ ನೆಫ್ಟ್, ಆರ್‌ಟಿಜಿಎಸ್ ಮೂಲಕ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳುಹಿಸುವವರಿಗೆ ಪಡೆಯುವವರ ಹೆಸರನ್ನು ಮೊದಲೇ ನೋಡುವ ಸೌಲಭ್ಯವಿದೆ. ಉದ್ದದ ಪಟ್ಟಿಯನ್ನು ಒಟ್ಟಿಗೆ ಪಾವತಿಸುವ ಅವಸರದಲ್ಲಿ ಅದನ್ನು ಎಷ್ಟು ಮಂದಿ ನೋಡುತ್ತಾರೋ! ಆದ್ದರಿಂದ ಅಡಿಕೆ, ರಬ್ಬರು ಮಾರುವವರು ಮೊದಲು ಒಂದು ರೂಪಾಯಿ ಕಳುಹಿಸಲು ಹೇಳಿ, ಅದು ಬಂದುದನ್ನು ನೋಡಿಕೊಂಡು ಉಳಿದ ಹಣ ಹಾಕಿಸಿಕೊಳ್ಳಿ. ಪಟ್ಟಿ ಬರೆಯುವವರು ಖಾತೆ ಸಂಖ್ಯೆಯ ಕಾಲಮ್ಮನ್ನು ಸಂಖ್ಯೆಯಾಗಿಡದೆ ಪಠ್ಯವಾಗಿ (ಟೆಕ್ಸ್ಟ್) ಇಡಲಿ. ಹಣ ತಪ್ಪಿಹೋದರೆ ಕಳುಹಿಸಿದವರಿಂದ ಆ ಪಾವತಿಯನ್ನು ಗುರುತಿಸುವ ಯುಟಿಆರ್ ಸಂಖ್ಯೆ ಪಡೆದು, ಅವರಿಂದ ಅವರ ಬ್ಯಾಂಕಿಗೂ ನೀವು ನಿಮ್ಮ ಶಾಖೆಗೂ ಅಂದೇ ಲಿಖಿತ ದೂರು ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ.