‘ನುಡಿಸಲು ಸಿದ್ಧ’ ಅಂತ ಮಾರುವ ಹಳೆ ಆಫಿಕ್ಲೈಡ್: ದುಡ್ಡು ಕೊಡುವ ಮುಂಚೆ ಇದನ್ನು ಓದಿ

ಹಳೆಯ ಕಾಲದ ಹಿತ್ತಾಳೆಯ ಊದುವಾದ್ಯ ಆಫಿಕ್ಲೈಡ್ ಒಂದನ್ನು ಕೊಳ್ಳಬೇಕು ಅಂತ ಹುಡುಕುತ್ತಿದ್ದೀರಾ? ಸ್ವಲ್ಪ ತಡೆಯಿರಿ. ಇಂಗ್ಲೆಂಡಿನಲ್ಲಿ ಹಳೆ ವಾದ್ಯಗಳ ವ್ಯಾಪಾರಿಯೊಬ್ಬ ‘ಪೂರ್ತಿ ರಿಪೇರಿ ಆಗಿದೆ, ನುಡಿಸಲು ಸಿದ್ಧ, ಶ್ರುತಿ 440’ (ಅಂದರೆ ಈಗಿನ ವಾದ್ಯಗಳ ಶ್ರುತಿ) ಎಂದು ಬರೆದುಕೊಟ್ಟು ನನಗೆ ಒಂದನ್ನು ಮಾರಿದ. ಆ ಮೂರು ಮಾತಿನಲ್ಲಿ ಒಂದೂ ನಿಜ ಇರಲಿಲ್ಲ. ಇದೇ ಮೋಸ ಇನ್ನೊಬ್ಬರಿಗೆ ಆಗಬಾರದು.

ನಾನು ಮೈಸೂರಿನವನು. ದಸರಾ ಪಂಜಿನ ಕವಾಯತಿನಲ್ಲಿ ಪೊಲೀಸ್ ಬ್ಯಾಂಡ್ ಕೇಳುತ್ತಾ ಬೆಳೆದೆ. ಈಗ ಬ್ರಿಟನ್ನಿನಲ್ಲಿದ್ದೇನೆ, ಇಲ್ಲಿನ ಊರ ಬ್ರಾಸ್ ಬ್ಯಾಂಡಿನಲ್ಲಿ ಯೂಫೋನಿಯಂ (ಸಣ್ಣ ಟ್ಯೂಬಾದಂಥ ಹಿತ್ತಾಳೆ ವಾದ್ಯ) ನುಡಿಸುತ್ತೇನೆ. ಯೂಫೋನಿಯಂ ಬರುವ ಮುಂಚೆ ಆ ಜಾಗದಲ್ಲಿ ಇದ್ದದ್ದೇ ಆಫಿಕ್ಲೈಡ್. ಹಾಗಾಗಿ ನಮ್ಮಂಥವರಿಗೆ ಅದರ ಮೇಲೆ ಒಂದು ಆಸೆ ಇದ್ದೇ ಇರುತ್ತದೆ. ಮಾರುವವರಿಗೂ ಈ ಆಸೆ ಚೆನ್ನಾಗಿ ಗೊತ್ತು.

ಕಂಡಿಲ್ಲದವರಿಗೆ ಒಂದೆರಡು ಮಾತು. ಇದು ಹಿತ್ತಾಳೆಯ ದೊಡ್ಡ ವಾದ್ಯ. ಸುಮಾರು 8 ಅಡಿ ಉದ್ದದ ಕೊಳವೆ ನಡುವೆ ಮಡಚಿಕೊಂಡು ನೆಟ್ಟಗೆ ನಿಲ್ಲುತ್ತದೆ. ಊದುವ ಮೌತ್‌ಪೀಸಿನ ಕಡೆ ಸಣ್ಣ, ಇನ್ನೊಂದು ತುದಿಯ ಅಗಲ ಬಾಯಿ, ಅಂದರೆ ಬೆಲ್ಲಿನ ಕಡೆ ಹೋಗುತ್ತಾ ಅಗಲ. ಟ್ರಂಪೆಟ್ಟಿಗೆ ಇರುವ ವಾಲ್ವ್ ಇದಕ್ಕೆ ಇಲ್ಲ. ಕೊಳವೆಯ ಮೇಲೆ ತೂತುಗಳಿವೆ, ತೂತುಗಳ ಮೇಲೆ ಸ್ಪ್ರಿಂಗ್ ಇರುವ ಕೀಗಳಿವೆ. ಸಾಮಾನ್ಯವಾಗಿ 9ರಿಂದ 12 ಕೀ, ಹೆಚ್ಚಿನವಕ್ಕೆ 11. ಬೆಲ್ಲಿಗೆ ಹತ್ತಿರದ ಒಂದು ಕೀ ಮಾತ್ರ ಯಾವಾಗಲೂ ತೆರೆದಿರುತ್ತದೆ, ಒತ್ತಿದರೆ ಮುಚ್ಚುತ್ತದೆ. ಉಳಿದವೆಲ್ಲ ಮುಚ್ಚಿರುತ್ತವೆ, ಒತ್ತಿದರೆ ತೆರೆಯುತ್ತವೆ. ಈ ವಿಷಯ ನೆನಪಿಡಿ. ನನಗಾದ ಮೋಸವೆಲ್ಲ ಇದರ ಮೇಲೇ ನಿಂತಿತ್ತು.

ಹುಟ್ಟಿದ ಕತೆ ಚೆನ್ನಾಗಿದೆ. ಅದಕ್ಕೂ ಹಿಂದೆ ಫ್ರಾನ್ಸಿನ ಚರ್ಚುಗಳಲ್ಲಿ ಹಾಡುವವರ ದನಿಗೆ ಆಸರೆಯಾಗಿ ಸರ್ಪೆಂಟ್ ಅನ್ನುವ ವಾದ್ಯ ಊದುತ್ತಿದ್ದರು. ಮರದ್ದು, ಮೇಲೆ ಚರ್ಮದ ಹೊದಿಕೆ, ಹಾವಿನಂತೆ ಸುತ್ತಿಕೊಂಡ ಮೈ. 1810ರಲ್ಲಿ ಡಬ್ಲಿನ್ನಿನಲ್ಲಿ ಜೋಸೆಫ್ ಹ್ಯಾಲಿಡೇ ಎಂಬ ಸೇನಾ ಬ್ಯಾಂಡಿನವನು ಬ್ಯೂಗಲ್ಲಿಗೆ ಕೀ ಕೂರಿಸಿ ಪೇಟೆಂಟ್ ತೆಗೆದುಕೊಂಡ. 1815ರಲ್ಲಿ ವಾಟರ್‌ಲೂ ಯುದ್ಧ ಮುಗಿದು ಇಂಗ್ಲಿಷ್ ಸೇನೆ ಪ್ಯಾರಿಸ್ಸಿಗೆ ಬಂದಾಗ ಅವರ ಬ್ಯಾಂಡಿನ ಜೊತೆ ಆ ಬ್ಯೂಗಲ್ಲೂ ಬಂತು. ಪ್ಯಾರಿಸ್ಸಿನ ವಾದ್ಯ ತಯಾರಕ ಆಸ್ತೆ (ಅವನನ್ನು ಎಲ್ಲರೂ ಅಲಾರಿ ಅನ್ನುತ್ತಿದ್ದರು) ಅದೇ ಉಪಾಯವನ್ನು ದೊಡ್ಡ ವಾದ್ಯಗಳಿಗೂ ಹಚ್ಚಿದ. 1817ರಲ್ಲಿ ಆಫಿಕ್ಲೈಡ್ ಮಾಡಿದ, 1821ರಲ್ಲಿ ಪೇಟೆಂಟ್ ಸಿಕ್ಕಿತು. ಅಷ್ಟರಲ್ಲೇ, 1819ರಲ್ಲಿ, ಸ್ಪಾಂಟಿನಿ ಎಂಬ ಸಂಗೀತಕಾರ ತನ್ನ ಆಪೆರಾದಲ್ಲಿ ಅದಕ್ಕೆ ಜಾಗ ಕೊಟ್ಟಿದ್ದ.

ಇನ್ನು ದನಿ. ಅದನ್ನು ಹೇಳದೆ ನನಗೆ ಸಿಕ್ಕಿದ್ದು ಎಂಥದ್ದು ಅಂತ ಹೇಳಲು ಆಗಲ್ಲ. ಯೂಫೋನಿಯಂ ದನಿ ದುಂಡಗಿರುತ್ತದೆ, ಕೆಳಗಿನಿಂದ ಮೇಲಿನವರೆಗೂ ಒಂದೇ ಬಣ್ಣ. ಆಫಿಕ್ಲೈಡಿನಲ್ಲಿ ಒಂದೊಂದು ಸ್ವರ ಒಂದೊಂದು ತೂತಿನಿಂದ ಹೊರಡುತ್ತದೆ. ಹಾಗಾಗಿ ಪಕ್ಕಪಕ್ಕದ ಸ್ವರಗಳಿಗೂ ಬೇರೆ ಬೇರೆ ಗುಣ. ಒಂದು ಬಿಚ್ಚಿಕೊಂಡಿರುತ್ತದೆ, ಇನ್ನೊಂದು ಸ್ವಲ್ಪ ಮುಸುಕಾಗಿರುತ್ತದೆ. ಮಂದ್ರದಲ್ಲಿ ಒರಟು, ತುಸು ಗರಗರ. ಮಧ್ಯ ಸ್ಥಾಯಿಗೆ ಬಂದರೆ ಗಟ್ಟಿ ಗಂಟಲಿನ ಗಂಡಸು ಹಾಡಿದ ಹಾಗೆ. ಸ್ವರದ ಅಂಚಿನಲ್ಲಿ ಉಸಿರು ಕೇಳಿಸುತ್ತದೆ. ಟ್ಯೂಬಾ ಇಷ್ಟು ಹತ್ತಿರ ಬಂದು ಮಾತಾಡುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಸಿಡ್ನಿಯ ನಿಕ್ ಬರ್ನ್, ಫ್ರಾನ್ಸಿನ ಪ್ಯಾಟ್ರಿಕ್ ವಿಬಾರ್ ನುಡಿಸಿದ್ದನ್ನು ಹುಡುಕಿ ಕೇಳಿ. ಒಳ್ಳೆಯ ವಾದ್ಯ ಹೇಗೆ ಕೇಳಿಸುತ್ತದೆ ಅಂತ ಕಿವಿಗೆ ಗೊತ್ತಿದ್ದರೆ ಅರ್ಧ ಮೋಸ ಅಲ್ಲೇ ತಪ್ಪುತ್ತದೆ.

ನನ್ನ ವ್ಯಾಪಾರಿ ಕಳಿಸಿದ ವಿಡಿಯೊಗೆ ಬರೋಣ. ಒಬ್ಬ ಯಾರೋ ಚೆನ್ನಾಗಿಯೇ ನುಡಿಸುತ್ತಿದ್ದ. ಆದರೆ ಎಲ್ಲವೂ ಮೇಲಿನ ಸ್ವರಗಳು. ಕೊಳವೆಯ ಮೇಲ್ಭಾಗದ, ಅಂದರೆ ಮೌತ್‌ಪೀಸಿನ ಕಡೆಯ ಕೀ ಒತ್ತಿ ತೂತು ತೆರೆದರೆ ಗಾಳಿಯ ಕಂಬ ಅಲ್ಲಿಗೇ ಮುಗಿಯುತ್ತದೆ. ಅದರ ಕೆಳಗಿನ ಪ್ಯಾಡುಗಳು (ಕೀಯ ಅಡಿಯಲ್ಲಿ ತೂತು ಮುಚ್ಚುವ ಮೆತ್ತೆಗಳು) ಸೋರಿದರೂ ಅಷ್ಟಾಗಿ ಗೊತ್ತಾಗುವುದಿಲ್ಲ. ಸೋರಿಕೆ ಬಯಲಾಗುವುದು ಎಲ್ಲ ತೂತೂ ಮುಚ್ಚಿರುವ ಕೆಳಗಿನ ಸ್ವರಗಳಲ್ಲಿ. ಅದನ್ನೇ ನಾನು ಕೇಳಿದೆ. ‘ನುಡಿಸಿದವರು ಊರಿಗೆ ಹೋಗಿದ್ದಾರೆ, ಎಲ್ಲ ಸ್ವರವೂ ಬರುತ್ತದೆ, ಬೇಕಾದರೆ ಬರೆದುಕೊಡುತ್ತೇನೆ’ ಅಂದ. ಬರೆದೂ ಕೊಟ್ಟ. ಕೆಳಭಾಗದ ಫೋಟೋ ಕೇಳಿದೆ. ವಾದ್ಯವನ್ನು ಸ್ಟ್ಯಾಂಡಿನಲ್ಲಿ ಇಟ್ಟು ತೆಗೆದದ್ದನ್ನು ಕಳಿಸಿದ. ಅದರಲ್ಲಿ ತಳದ ತಿರುವು ಪೂರ್ತಿ ಮರೆಯಾಗಿತ್ತು.

ಪೆಟ್ಟಿಗೆ ಬಂತು. ಥಳಥಳ ಹೊಳೆಯುವ ವಾದ್ಯ. ಮೊದಲ ಊದಿಗೇ ಕೆಳಗಿನ ಸ್ವರ ಒಡೆದುಹೋಯಿತು. ಗಾಳಿ ಹೋಗುತ್ತಿದೆ, ಸ್ವರ ಇಲ್ಲ. ಬುಸ್ ಅಂತ ಸದ್ದು, ಆಮೇಲೆ ತಾನಾಗಿ ಮೇಲಿನ ಸ್ವರಕ್ಕೆ ಹಾರುತ್ತದೆ. ಹಿತ್ತಾಳೆ ವಾದ್ಯ ರಿಪೇರಿ ಮಾಡುವ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು ಕೋಣೆ ಕತ್ತಲು ಮಾಡಿ, ಉದ್ದನೆ ವೈರಿನ ತುದಿಯ ಸಣ್ಣ ಬಲ್ಬನ್ನು ಬೆಲ್ಲಿನಿಂದ ಒಳಗೆ ಇಳಿಸಿದರು. ಮುಚ್ಚಿರಬೇಕಾದ ಕೀಗಳ ಸುತ್ತ ಬೆಳಕಿನ ಗೆರೆ! ದೊಡ್ಡ ತೂತುಗಳ ಪ್ಯಾಡ್ ಒಂದು ಕಡೆ ಮಾತ್ರ ಕೂತಿತ್ತು, ಇನ್ನೊಂದು ಕಡೆ ಎದ್ದಿತ್ತು. ಸ್ಯಾಕ್ಸೋಫೋನಿನ ದಪ್ಪ ಪ್ಯಾಡುಗಳನ್ನು ಅಂಟಿನಲ್ಲಿ ಮೆತ್ತಿದ್ದರು. ಈ ಕೀಗಳ ಬಟ್ಟಲು ಅಷ್ಟು ಆಳ ಇರುವುದಿಲ್ಲ. ದಪ್ಪ ಪ್ಯಾಡ್ ಹಾಕಿದರೆ ಹಿಂಬದಿ ಮೊದಲು ತಾಗುತ್ತದೆ, ಮುಂಬದಿ ಬಾಯಿ ಬಿಟ್ಟುಕೊಂಡೇ ಇರುತ್ತದೆ. ಎಷ್ಟು ಜೋರು ಸ್ಪ್ರಿಂಗ್ ಹಾಕಿದರೂ ಮುಚ್ಚಲ್ಲ.

ಅದಾದ ಮೇಲೆ ಅವರು ವಾದ್ಯವನ್ನು ತಲೆಕೆಳಗು ಮಾಡಿದರು. ತಳದ ತಿರುವಿನಲ್ಲಿ ನಾಣ್ಯದಗಲದ ಎರಡು ತೇಪೆ. ಸೀಸದ ಬೆಸುಗೆ, ಮೇಲೆ ಲ್ಯಾಕರ್ ಹೊಡೆದು ಬಣ್ಣ ಸೇರಿಸಿದ್ದರು. ಬೆಲ್ಲಿನೊಳಗೆ ಒಂದು ದುಂಡನೆ ಗುರುತು. ಇದು ಯಾರದೋ ಮನೆಯಲ್ಲಿ ದೀಪದ ಕಂಬ ಆಗಿತ್ತು ಅಂದರು. ವೈರ್ ಹೋಗಲು ತಳದಲ್ಲಿ ತೂತು, ಬಲ್ಬ್ ಹೋಲ್ಡರ್ ಕೂರಲು ಬೆಲ್ಲಿನಲ್ಲಿ ಪಟ್ಟಿ. ಹಳೆಯ ಬ್ಯೂಗಲ್, ಟ್ರಂಪೆಟ್, ಆಫಿಕ್ಲೈಡುಗಳನ್ನು ಹೀಗೆ ಲ್ಯಾಂಪ್ ಮಾಡುವುದು ಇಲ್ಲಿ ಹೊಸದಲ್ಲ. ಸಂಕಟ ಆಗುತ್ತದೆ. ಲ್ಯಾಂಪ್ ಆಗಿದ್ದನ್ನು ಲ್ಯಾಂಪ್ ಅಂತಲೇ ಮಾರಿದರೆ ಯಾರದೂ ತಕರಾರಿಲ್ಲ, ಅಲ್ವಾ? ತೂತು ಮುಚ್ಚಿ ವಾದ್ಯ ಅಂತ ಮಾರುವುದು ಮೋಸ.

ಶ್ರುತಿಯ ವಿಷಯ ಇನ್ನೂ ಕೆಟ್ಟದ್ದು. ಇಂಗ್ಲೆಂಡಿನಲ್ಲಿ ಹಿಂದೆ ಬ್ಯಾಂಡುಗಳ ಶ್ರುತಿ ಏರಿಸಿಟ್ಟದ್ದು, ಶ್ರುತಿ ಕೂಡಿಸುವ ಎ ಸ್ವರ ಸೆಕೆಂಡಿಗೆ 452 ಕಂಪನದ ಸುತ್ತಮುತ್ತ. ಈಗಿನದು 440. ವ್ಯತ್ಯಾಸ ಸುಮಾರು ಕಾಲು ಸ್ವರ, ಪಿಯಾನೊ ಜೊತೆ ಕೂತರೆ ಸಹಿಸಲು ಆಗಲ್ಲ. ಫ್ರಾನ್ಸಿನಲ್ಲಿ 1859ರಲ್ಲಿ ಕಾನೂನು ಮಾಡಿ 435ಕ್ಕೆ ಇಳಿಸಿದರು, ಆಮೇಲಿನ ಫ್ರೆಂಚ್ ವಾದ್ಯಗಳು ಈಗಿನ ಶ್ರುತಿಗೆ ಹತ್ತಿರ. ನನಗೆ ಬಂದದ್ದು ಲಂಡನ್ನಿನದು, ಎತ್ತರದ ಶ್ರುತಿಯದು. ಮೌತ್‌ಪೀಸಿಗೂ ಮೈಗೂ ನಡುವೆ ಬಾಗಿದ ಸಣ್ಣ ಕೊಳವೆ ಇರುತ್ತದೆ, ಕ್ರುಕ್ ಅನ್ನುತ್ತಾರೆ. ಹಳೆಯ ವಾದ್ಯಗಳಲ್ಲಿ ಮೊದಲು ಕಳೆದುಹೋಗುವುದು ಅದೇ. ಇವನು ಅದರ ಬದಲು ಒಂದೇ ಅಗಲದ ನೇರ ಪೈಪಿನ ತುಂಡನ್ನು ಬಗ್ಗಿಸಿ, ಉದ್ದ ಹೆಚ್ಚಿಸಿ, ‘440’ ಅಂತ ಬರೆದಿದ್ದ. ಉದ್ದವನ್ನು ಮೌತ್‌ಪೀಸಿನ ಕಡೆ ಸೇರಿಸಿದರೆ ಎಲ್ಲ ಸ್ವರವೂ ಒಂದೇ ಸಮ ಇಳಿಯುವುದಿಲ್ಲ. ಮೇಲಿನ ತೂತಿನ ಸ್ವರಗಳು ಜಾಸ್ತಿ ಇಳಿಯುತ್ತವೆ, ಯಾಕೆಂದರೆ ಅಲ್ಲಿ ಕೊಳವೆಯೇ ಗಿಡ್ಡ. ಜೊತೆಗೆ, ಹಂತಹಂತವಾಗಿ ಅಗಲವಾಗಬೇಕಾದ ಕಡೆ ನೇರ ಪೈಪ್ ಇದ್ದರೆ ಮಧ್ಯ ಸ್ಥಾಯಿಯ ಸ್ವರ ಸರಿ ಮಾಡಿದಾಗ ತಾರ ಸ್ಥಾಯಿಯದು ತಪ್ಪುತ್ತದೆ. ವಿಡಿಯೊದಲ್ಲಿ ಬೇರೆ ವಾದ್ಯ ಜೊತೆಗಿಲ್ಲದೆ ಒಬ್ಬನೇ ನುಡಿಸುತ್ತಿದ್ದ, ಹಾಗಾಗಿ ಇದ್ಯಾವುದೂ ಕೇಳಿಸಿರಲಿಲ್ಲ.

ಹಾಗಾಗಿ ಕೊಳ್ಳುವವರು ಹಟ ಹಿಡಿದು ಕೇಳಬೇಕಾದದ್ದು ಇಷ್ಟು. ತೀರಾ ಕೆಳಗಿನ ಸ್ವರದಿಂದ ಹಿಡಿದು ಒಂದೊಂದೇ ಅರ್ಧ ಸ್ವರ ಏರುತ್ತಾ ಹೋಗುವ ವಿಡಿಯೊ, ಬೆರಳು ಮತ್ತು ಕೀ ಕಾಣುವಂತೆ, ಪಕ್ಕದಲ್ಲಿ ಫೋನಿನ ಟ್ಯೂನರ್ ಇಟ್ಟು. ಕ್ರುಕ್ಕಿನ ಎರಡೂ ತುದಿಯ ಅಗಲದ ಅಳತೆ. ಎರಡೂ ಒಂದೇ ಇದ್ದರೆ ಅದು ಪೈಪು. ಬೆಲ್ಲಿನ ಮೇಲೆ ಕೆತ್ತಿದ ತಯಾರಕರ ಹೆಸರಿನ ಹತ್ತಿರದ ಫೋಟೋ. ಅಕ್ಷರ ಮಸುಕಾಗಿದ್ದರೆ ಪಾಲಿಶ್ ಚಕ್ರಕ್ಕೆ ಕೊಟ್ಟು ಹಿತ್ತಾಳೆಯನ್ನೇ ತೆಳ್ಳಗೆ ಮಾಡಿದ್ದಾರೆ ಅಂತ ತಿಳಿಯಿರಿ. ಹೊಳಪಿಗಂತೂ ಮರುಳಾಗಬೇಡಿ. ಒಳ್ಳೆಯ ರಿಪೇರಿಯವರು ಹಳೆಯ ಬಣ್ಣವನ್ನು ಕೆರೆಯುವುದೇ ಇಲ್ಲ.

ದುಡ್ಡಿನ ಕತೆ ಚುಟುಕಾಗಿ ಹೇಳುತ್ತೇನೆ. ‘ಹಳೆಯ ವಸ್ತು, ಇದ್ದ ಹಾಗೆ ಮಾರಿದ್ದು’ ಅಂತ ವ್ಯಾಪಾರಿ ಕೈ ತೊಳೆದುಕೊಂಡ. ಬ್ರಿಟನ್ನಿನಲ್ಲಿ ಆ ಮಾತು ನಡೆಯುವುದಿಲ್ಲ. 2015ರ ಗ್ರಾಹಕ ಹಕ್ಕುಗಳ ಕಾಯಿದೆ ಪ್ರಕಾರ ವ್ಯಾಪಾರಿ ಮಾರಿದ ವಸ್ತು, ಹಳೆಯದಾದರೂ, ವಿವರಣೆಗೆ ತಕ್ಕಂತೆ ಇರಲೇಬೇಕು. ಇಲ್ಲದಿದ್ದರೆ 30 ದಿನದೊಳಗೆ ತಿರಸ್ಕರಿಸಿ ಪೂರ್ತಿ ದುಡ್ಡು ಕೇಳಬಹುದು. ಬೆಲೆ 100 ಪೌಂಡಿಗಿಂತ ಜಾಸ್ತಿ ಇದ್ದು ಕ್ರೆಡಿಟ್ ಕಾರ್ಡಿನಲ್ಲಿ ಕೊಟ್ಟಿದ್ದರೆ ಕಾರ್ಡ್ ಕಂಪನಿಯೂ ಹೊಣೆ. ನನ್ನನ್ನು ಉಳಿಸಿದ್ದು ಅವನು ಬರೆದುಕೊಟ್ಟ ಕಾಗದ, ರಿಪೇರಿಯವರ ವರದಿ ಮತ್ತು ಕಾರ್ಡ್. ಬ್ಯಾಂಕ್ ವರ್ಗಾವಣೆ ಮಾಡಿದರೆ ರಿಯಾಯಿತಿ ಅಂತ ಅವನು ಮೊದಲೇ ಹೇಳಿದ್ದ. ಯಾಕೆ ಅಂತ ಈಗ ಗೊತ್ತಾಯಿತು. ಖಾಸಗಿಯವರಿಂದ ಕೊಂಡರೆ ಕಾನೂನಿನ ಆಸರೆ ಇದಕ್ಕಿಂತ ಬಹಳ ಕಡಿಮೆ, ಖುದ್ದಾಗಿ ಹೋಗಿ ಊದಿ ನೋಡಿ.

ದುಡ್ಡು ಬಂದರೂ ಸಿಟ್ಟು ಹೋಗಿಲ್ಲ. ಈ ವಾದ್ಯಕ್ಕೆ ಮೊದಲೇ ಕೆಟ್ಟ ಹೆಸರಿದೆ. ಕೊಟ್ಟಿಗೆಯಿಂದ ತಪ್ಪಿಸಿಕೊಂಡ ಗೂಳಿ ದಿವಾನಖಾನೆಗೆ ನುಗ್ಗಿದ ಹಾಗೆ ಅಂತ ಫ್ರೆಂಚ್ ಸಂಗೀತಕಾರ ಬೆರ್ಲಿಯೋಝ್ ಬರೆದದ್ದನ್ನು ಎಲ್ಲರೂ ಹೇಳುತ್ತಾರೆ. ಅದೇ ಬೆರ್ಲಿಯೋಝ್ 1830ರ ತನ್ನ ದೊಡ್ಡ ಸಿಂಫನಿಯ ಕೊನೆಯ ಭಾಗದಲ್ಲಿ, ಸತ್ತವರ ಪ್ರಾರ್ಥನೆಯ ಧಾಟಿಯನ್ನು ಬಸೂನುಗಳ ಜೊತೆ ಇದಕ್ಕೇ ವಹಿಸಿದ ಅನ್ನುವುದನ್ನು ಯಾರೂ ಹೇಳುವುದಿಲ್ಲ. 1846ರಲ್ಲಿ ಜರ್ಮನ್ ಸಂಗೀತಕಾರ ಮೆಂಡೆಲ್ಸನ್ ಬರ್ಮಿಂಗ್‌ಹ್ಯಾಮಿನಲ್ಲಿ ನಡೆಸಿದ ‘ಎಲೈಜಾ’ ಎಂಬ ದೊಡ್ಡ ಗಾಯನ ಕೃತಿಯಲ್ಲೂ ಇದಿತ್ತು. ಸ್ಯಾಮ್ಯುಯೆಲ್ ಹ್ಯೂಸ್ ವೇಲ್ಸಿನ ಕಬ್ಬಿಣದ ಕಾರ್ಖಾನೆಯೊಂದರ ಬ್ಯಾಂಡಿನಲ್ಲಿ ಇದನ್ನೇ ನುಡಿಸಿ ಲಂಡನ್ನಿನ ಕಾವೆಂಟ್ ಗಾರ್ಡನ್ ಆಪೆರಾದವರೆಗೆ ಹೋದ. 1835ರಲ್ಲಿ ಬರ್ಲಿನ್ನಿನಲ್ಲಿ ಟ್ಯೂಬಾ ಬಂತು, 1840ರ ದಶಕದಲ್ಲಿ ವಾದ್ಯ ತಯಾರಕ ಅಡಾಲ್ಫ್ ಸ್ಯಾಕ್ಸ್ ಮಾಡಿದ ವಾಲ್ವ್ ವಾದ್ಯಗಳು ಬಂದವು, ಕಲಿಯಲು ಸುಲಭ, ದನಿ ಜೋರು. ನಿಧಾನಕ್ಕೆ ಇದು ಮೂಲೆಗೆ ಸರಿಯಿತು. ಆಗಲೂ ಬ್ರೆಜಿಲಿನಲ್ಲಿ ಇರಿನೆಯು ಡಿ ಅಲ್ಮೇಡ 20ನೇ ಶತಮಾನದ ಮೊದಲ ವರ್ಷಗಳಲ್ಲಿ ಇದನ್ನು ರೆಕಾರ್ಡಿನಲ್ಲಿ ನುಡಿಸುತ್ತಿದ್ದ. ಸೋರುವ ಆಫಿಕ್ಲೈಡನ್ನು ಒಮ್ಮೆ ಕೇಳಿದವರು ‘ಇದು ಸತ್ತದ್ದೇ ಒಳ್ಳೆಯದಾಯಿತು’ ಅಂದುಕೊಳ್ಳುತ್ತಾರೆ. ನನ್ನ ಬ್ಯಾಂಡಿನ ಗೆಳೆಯರು ಅವತ್ತು ಅಂದದ್ದೂ ಅದನ್ನೇ. ಅವರದು ತಪ್ಪಲ್ಲ, ಅವರು ಕೇಳಿದ್ದು ಆಫಿಕ್ಲೈಡ್ ದನಿಯನ್ನೇ ಅಲ್ಲ.

ನಾನು ವಾಪಸ್ ಕಳಿಸಿದ್ದನ್ನು ಅವನು ಮತ್ತೆ ಮಾರಾಟಕ್ಕೆ ಇಟ್ಟಿದ್ದಾನೆ. ವಿವರಣೆಯಲ್ಲಿ ಒಂದು ಪದವೂ ಬದಲಾಗಿಲ್ಲ. ಗುರುತು ಹೇಳುತ್ತೇನೆ: 11 ಕೀ, ಬೆಲ್ಲಿನ ಮೇಲೆ ತಯಾರಕರ ಹೆಸರು ಅಳಿಸಿ ‘ಲಂಡನ್’ ಅನ್ನುವುದು ಮಾತ್ರ ಓದಲು ಬರುತ್ತದೆ, ಕ್ರುಕ್ ಮೈಗಿಂತ ಹೆಚ್ಚು ಹಳದಿ. ತಳದ ತಿರುವು ಯಾವ ಫೋಟೋದಲ್ಲೂ ಕಾಣುವುದಿಲ್ಲ. ಅದರ ಫೋಟೋ ಕೇಳಿ, ಸ್ಟ್ಯಾಂಡ್ ಇಲ್ಲದೆ. ಕೊಡದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ.